ಮಕ್ಕಳ ಕೊಳ ಮುಚ್ಚಿದೆ

ಮಾಡಿದ್ದು ಅವನು. ಅದರಲ್ಲಿ ಅನುಮಾನವಿರಲಿಲ್ಲ, ಅವನಿಗಂತೂ ಇರಲಿಲ್ಲ. ಹಡಗಿನ ಹನ್ನೊಂದನೆಯ ಮಹಡಿಯ ಮಕ್ಕಳ ಕೊಳದ ಸುತ್ತ ಹಳದಿ ಪಟ್ಟಿ ಎಳೆದು, 'ಸ್ವಚ್ಛತೆಗಾಗಿ ಸಂಜೆ ನಾಲ್ಕರವರೆಗೆ ಮುಚ್ಚಿದೆ' ಎಂಬ ಬೋರ್ಡು ನಿಲ್ಲಿಸಿ ಹತ್ತು ನಿಮಿಷವಾಗಿರಲಿಲ್ಲ, ಅಷ್ಟರಲ್ಲೇ ನೀರಿನಲ್ಲಿ ತೇಲಿದ್ದು ಏನು, ಅದು ಯಾರದು ಎಂದು ಹಡಗಿಗೆ ಹಡಗೇ ತೀರ್ಮಾನಿಸಿ ಮುಗಿಸಿತ್ತು. ಏನು ಎಂಬುದು ಸರಿ. ಯಾರದು ಎಂಬುದು ತಪ್ಪು. ಆ ತಪ್ಪನ್ನು ತಲೆಯ ಮೇಲೆ ಹೊತ್ತ ಅವನ ಮೊಮ್ಮಗಳು, ಏಳು ವರ್ಷದ ಪುಟ್ಟಿ, ಟವೆಲು ಸುತ್ತಿಕೊಂಡು ತಾಯಿಯ ಕೈಗೆ ಸಿಕ್ಕಿ ಮೆಟ್ಟಿಲಿಳಿದು ಹೋಗಿದ್ದಳು. ಸರಿಯುತ್ತರ ಗೊತ್ತಿದ್ದ ಅರುವತ್ತೆಂಟರ ತಾತ ಹಳದಿ ಪಟ್ಟಿಯ ಈಚೆ, ಸೊಂಟಕ್ಕೆ ಎರಡು ಟವೆಲು ಬಿಗಿದುಕೊಂಡು, ಆರಾಮಕುರ್ಚಿಯ ಅಂಚಿನಲ್ಲಿ ಕೂತು ಸಮುದ್ರ ನೋಡುತ್ತಿದ್ದ. ನೋಡುವುದಕ್ಕೆ ಬೇರೇನೂ ಇರಲಿಲ್ಲ. ಇವತ್ತು ಹಡಗು ಯಾವ ದಡವನ್ನೂ ಮುಟ್ಟುವುದಿಲ್ಲ ಎಂದು ಬೆಳಿಗ್ಗೆಯೇ ಧ್ವನಿವರ್ಧಕ ಭಾರಿ ಉತ್ಸಾಹದಿಂದ ಸಾರಿತ್ತು: ಇಡೀ ದಿನ ನೀರು, ಇಡೀ ದಿನ ಕುಟುಂಬ! ಎದ್ದು ಹೋಗಿ ಬಸ್ಸು ಹತ್ತಿ ಯಾವುದಾದರೂ ಗೊತ್ತಿಲ್ಲದ ಬೀದಿಯಲ್ಲಿ ಇಳಿದುಬಿಡೋಣವೆಂದರೆ ಬೀದಿಯೇ ಇಲ್ಲ.

ಆದದ್ದು ಇಷ್ಟು. ಕೊಳವೆಂದರೆ ದೊಡ್ಡವರ ಮೊಣಕಾಲು ಮುಳುಗುವಷ್ಟು ನೀರು, ಅಂಚಿಗೆ ಎರಡು ಮೆಟ್ಟಿಲು. ಕೆಳಗಿನ ಮೆಟ್ಟಿಲ ಮೇಲೆ ಅವನು ಹೊಟ್ಟೆಯವರೆಗೆ ನೀರಿನಲ್ಲಿ ಕೂತಿದ್ದ. ಪುಟ್ಟಿ ಅವನ ಎರಡೂ ಕೈ ಹಿಡಿದು ಕಾಲು ಬಡಿಯುವುದನ್ನು ಕಲಿಯುತ್ತಿದ್ದಳು. 'ಬಿಡಬೇಡ ತಾತ, ಬಿಡಬೇಡ' ಎಂದು ಕಿರುಚುತ್ತಿದ್ದಳು, ಅವನು ನಗುತ್ತಿದ್ದ, ನಗುವಿನ ನಡುವೆ ಹೊಟ್ಟೆಯ ಕೆಳಗೆ ಏನೋ ಸಡಿಲವಾದಂತಾಯಿತು. ಏಳು ತಿಂಗಳ ಹಿಂದೆ ಕರುಳಿನ ಆಪರೇಷನ್ ಆದಂದಿನಿಂದ ಆ ಜಾಗದ ಸುದ್ದಿ ಅವನಿಗೆ ತಡವಾಗಿ ತಲುಪುತ್ತದೆ, ಒಮ್ಮೊಮ್ಮೆ ತಲುಪುವುದೇ ಇಲ್ಲ. ಏನಿಲ್ಲ ಬಿಡು ಎಂದುಕೊಂಡು ಎದ್ದ, ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಸೀಟಿ ಕೇಳಿಸಿತು. ನೋಡಿದರೆ ಪುಟ್ಟಿಯ ಮೊಣಕೈಯ ಪಕ್ಕದಲ್ಲಿ ಅದು ತೇಲುತ್ತಿತ್ತು. ಆಗ ಅವನು ಮಾಡಿದ ಕೆಲಸ ಒಂದೇ. ಪುಟ್ಟಿಯನ್ನು ನೋಡಿದ. ಬಾಯಿ ಬಿಡಲಿಲ್ಲ, ಬೆರಳು ತೋರಿಸಲಿಲ್ಲ, ಹುಬ್ಬು ಕೊಂಚ ಏರಿಸಿ, ದೊಡ್ಡವರು ಮಕ್ಕಳನ್ನು ನೋಡುವ ಹಾಗೆ ನೋಡಿದ. ಕೊಳದ ಸುತ್ತ ಇದ್ದ ಅಷ್ಟೂ ಕಣ್ಣುಗಳು ಅವನ ಕಣ್ಣಿನ ಬೆನ್ನು ಹತ್ತಿ ಹೋಗಿ ಮಗುವಿನ ಮೇಲೆ ಕೂತವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶುದ್ಧ ಸುಳ್ಳು ಗಾದೆ. ಕಳ್ಳ ಕದಲದೆ ನಿಂತಿದ್ದ, ಹೆಗಲು ಮುಟ್ಟಿ ನೋಡಿಕೊಂಡದ್ದು ಮಗು. 'ನಾನಲ್ಲ' ಎಂದಳು ಪುಟ್ಟಿ, ಅಳುವುದಕ್ಕೂ ಮುಂಚೆ, ಸ್ಪಷ್ಟವಾಗಿ. ಕೊಳ ಕಾಯುವವಳು, ಕತ್ತಿನಲ್ಲಿ ಸೀಟಿ ಹಾಕಿಕೊಂಡ ನಲವತ್ತರ ಗಟ್ಟಿ ಹೆಂಗಸು, ಬಗ್ಗಿ ಅವಳ ಗಲ್ಲ ಮುಟ್ಟಿ, 'ಪರವಾಗಿಲ್ಲ ಮರೀ, ಮಕ್ಕಳಿಗೆ ಆಗತ್ತೆ' ಎಂದಳು. ಆ ಒಳ್ಳೆಯ ಮಾತಿನಿಂದ ಕೇಸು ಮುಗಿದುಹೋಯಿತು.

ಈಗ ಅವಳು ಜಾಲರಿ ಹಾಕಿ ಎತ್ತಿದ್ದಾಗಿತ್ತು, ಬಕೆಟ್ಟಿಗೆ ಮುಚ್ಚಳ ಹಾಕಿದ್ದಾಗಿತ್ತು, ಕೈಗವಸು ಬದಲಿಸಿ ಪುಡಿ ಅಳೆದು ಹಾಕುತ್ತಿದ್ದಳು. ಅವನ ಮೂಗು ಅಷ್ಟು ದೂರದಿಂದಲೇ ಕ್ಲೋರಿನ್ ಹಿಡಿಯಿತು. ಇಷ್ಟು ನೀರಿಗೆ ಇಷ್ಟು ಪುಡಿ, ಇಷ್ಟು ಗಂಟೆ, ಲೆಕ್ಕ ಸರಿಯಾಗಿದೆ, ಅಚ್ಚುಕಟ್ಟು ಹೆಂಗಸು ಎಂದು ಮನಸ್ಸು ತಾನಾಗಿ ಸರ್ಟಿಫಿಕೇಟು ಕೊಟ್ಟಿತು. ಆ ಕ್ಷಣದಲ್ಲೂ ಕೊಟ್ಟಿತಲ್ಲ ಎಂದು ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಮೂವತ್ತೊಂದು ವರ್ಷ ನಗರದ ನೀರು ಸರಬರಾಜಿನಲ್ಲಿ ನೀರು ಪರೀಕ್ಷೆ ಮಾಡಿದವನು. ಕೆಲಸದಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, ನೀರಪ್ಪ ಎಂದೇ ಕರೆದದ್ದು. ಬೆಳಿಗ್ಗೆ ಆರಕ್ಕೆ ಬಾಟಲಿಗಳ ಪೆಟ್ಟಿಗೆ ಹೊತ್ತು ಬೀದಿ ನಲ್ಲಿಗಳ ಮುಂದೆ ನಿಲ್ಲುವುದು, ನೀರು ಹಿಡಿದು ಮೂರು ಹನಿ ಔಷಧಿ ಬಿಡುವುದು, ಹಳದಿ ಬಂದರೆ ಕ್ಲೋರಿನ್ ಇದೆ, ಕ್ಷೇಮ, ಬಾರದಿದ್ದರೆ ಹುಡುಕಾಟ. ಹೊಸದಾಗಿ ಸೇರಿದವರಿಗೆ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠ ಇದು: 'ನಲ್ಲೀಲಿ ರೋಗ ಸಿಕ್ರೆ ನಲ್ಲೀನ ಬೈಬೇಡಿ. ಪೈಪು ಹಿಡ್ಕೊಂಡು ಹಿಂದಕ್ಕೆ ನಡೀರಿ. ನದಿ ಮೂಲ ಋಷಿ ಮೂಲ ಕೇಳಬಾರದು ಅಂತಾರೆ. ನಮಗೆ ಸಂಬಳ ಕೊಡೋದೇ ಕೇಳೋದಕ್ಕೆ.' ಎಲ್ಲರೂ ನಗುತ್ತಿದ್ದರು. ಅವನಿಗೂ ಆ ಮಾತು ಹೇಳುವಾಗ ತಾನು ದೊಡ್ಡ ಮನುಷ್ಯನೆನ್ನಿಸುತ್ತಿತ್ತು.

ಹಡಗಿನಲ್ಲಿ ಅವರ ಕೋಣೆಗೆ ಕಿಟಕಿಯಿರಲಿಲ್ಲ. ಕಿಟಕಿಯ ಜಾಗದಲ್ಲಿ ಒಂದು ಟೀವಿ, ಅದರಲ್ಲಿ ಹೊರಗಿನ ಸಮುದ್ರದ್ದೇ ಚಿತ್ರ. ಹೆಂಡತಿ ಬಚ್ಚಲಿನಲ್ಲಿ ಬಾಗಿಲು ತೆರೆದಿಟ್ಟುಕೊಂಡೇ ಅವನ ಈಜುಚಡ್ಡಿ ಉಜ್ಜುತ್ತಿದ್ದಳು. ಅವಳಿಗೆ ಹೇಳಬೇಕಾಗಿ ಬಂದಿರಲಿಲ್ಲ. ಅವನು ಒಳಗೆ ಬಂದ ಕೂಡಲೇ ಟವೆಲಿಗೆ ಕೈ ಚಾಚಿದ್ದಳು. ಏಳು ತಿಂಗಳಿಂದ ಈ ವಿಷಯ ಗೊತ್ತಿರುವುದು ಡಾಕ್ಟರಿಗೆ, ಅವಳಿಗೆ. ಮಗನಿಗೆ ಅಪ್ಪನ ಆಪರೇಷನ್ ಯಶಸ್ವಿಯಾಯಿತು ಎಂದಷ್ಟೇ ಗೊತ್ತು, ಆ ಖುಷಿಗೇ ಅವನು ಎಲ್ಲರನ್ನೂ ಕರೆದುಕೊಂಡು ಬಂದದ್ದು.

'ಬೆಳಿಗ್ಗೆ ಬಡ್ಕೊಂಡೆ, ಪ್ಯಾಡ್ ಹಾಕ್ಕೊಳ್ಳಿ ಅಂತ.'

'ನೀರಿಗಿಳಿಯೋಕೆ ಅದನ್ನ ಹಾಕ್ಕೊಂಡು ಹೋಗ್ತಾರೇನೇ?'

'ನೀರಿಗೇ ಇಳೀಬಾರ್ದಿತ್ತು.' ಅವಳು ಹಿಂಡಿದಳು, ಮತ್ತೆ ನೀರು ಬಿಟ್ಟಳು. 'ಆಯ್ತಲ್ಲ, ಬಿಡಿ.'

'ಹೇಳ್ಬಿಡ್ತೀನಿ ಕಣೇ.'

'ಯಾರಿಗೆ?'

'ಎಲ್ರಿಗೂ.'

ಅವಳು ನಲ್ಲಿ ನಿಲ್ಲಿಸಿ ಹೊರಗೆ ಬಂದಳು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. 'ನೋಡಿ, ಅದು ಏಳು ವರ್ಷದ ಮಗು. ನಾಳೆ ಬೆಳಿಗ್ಗೆ ಹೊತ್ತಿಗೆ ಮರೆತಿರತ್ತೆ. ನಿಮಗೆ ಅರುವತ್ತೆಂಟು. ಜನ ನಿಮ್ಮನ್ನ ಇದೊಂದಕ್ಕೇ ನೆನಪಿಟ್ಕೊಳ್ತಾರೆ. ಮೂವತ್ತೊಂದು ವರ್ಷ ನೀರು ಕಾದ್ರು ಅಂತ ಒಬ್ಬರೂ ಅನ್ನಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಸುಮ್ನಿರಿ. ನನಗೋಸ್ಕರ ಸುಮ್ನಿರಿ.' ಹೇಳುತ್ತಲೇ ಅವಳು ಅತ್ತುಬಿಟ್ಟಳು. ಈ ಏಳು ತಿಂಗಳಲ್ಲಿ ಅವಳು ಅತ್ತದ್ದನ್ನು ಅವನು ನೋಡಿರಲಿಲ್ಲ. ಅವನು ತಲೆಯಾಡಿಸಿದ. ಮತ್ತು ಅವನಿಗೆ ಹಾಯೆನಿಸಿತು. ಹೆಂಡತಿಯ ಮಾತು ಕೇಳುವ ಗಂಡನೆಂಬ ಒಳ್ಳೆಯ ಹೆಸರಿನ ಕೆಳಗೆ ತೂರಿಕೊಂಡು ಅವನು ಹಾಸಿಗೆಯ ಮೇಲೆ ಕಾಲು ಚಾಚಿದ.

ಮಕ್ಕಳು ಮರೆಯುತ್ತವೆ, ಇರಬಹುದು. ನೀರಿನ ಕೊಡ ಹಿಡಿದು ಓಡಿಬರುತ್ತಿದ್ದ ಆ ಹೆಂಗಸು ಮರೆಯಲಿಲ್ಲ. ಹಾಸಿಗೆ ಹಡಗಿನ ಜೊತೆ ಸಣ್ಣಗೆ ಏರಿ ಇಳಿಯುತ್ತಿತ್ತು, ಟೀವಿಯ ಸಮುದ್ರ ಮಾತ್ರ ಬೇರೆಯೇ ತಾಳದಲ್ಲಿ ಏರಿ ಇಳಿಯುತ್ತಿತ್ತು, ಅವನು ಇಪ್ಪತ್ತಾರು ವರ್ಷದ ಹಿಂದಿನ ಒಂದು ಗಲ್ಲಿಯಲ್ಲಿ ಬಾಟಲಿ ಹಿಡಿದು ನಿಂತಿದ್ದ. ಮೂರು ಹನಿ ಬಿಟ್ಟರೂ ಹಳದಿ ಬಂದಿರಲಿಲ್ಲ. ಆ ಸಾಲಿನ ಕೊನೆಯ ಮನೆಯವಳ ಮಗಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದಳು, ಬದುಕಿಕೊಂಡಳು, ಆ ಮಾತು ಬೇರೆ. ಪೈಪು ಒಡೆದಿದೆ ಎಂದು ಬರೆದರೆ ಬೀದಿ ಅಗೆಯಬೇಕು, ಮೇಲಿನವರು ಉತ್ತರ ಹೇಳಬೇಕು. ಮೇಲಿನವರು ಅವನನ್ನು ಕರೆಸಿ ಕೂರಿಸಿ ಚಹಾ ಕೊಟ್ಟು, 'ಮನೇಲಿ ನೀರಿಡೋ ಕೊಡ ನೋಡಿದ್ರಾ?' ಎಂದು ಕೇಳಿದರು. ಅವನು ಹೋಗಿ ನೋಡಿದ. ಬಡವರ ಮನೆಯ ಕೊಡ, ಒಳಗೆ ಪಾಚಿಯಿತ್ತು, ಯಾರ ಮನೆಯ ಕೊಡದಲ್ಲಿ ಇರುವುದಿಲ್ಲ? ವರದಿಯಲ್ಲಿ ಮೂಲದ ಜಾಗದಲ್ಲಿ 'ಅಶುಚಿಯಾದ ಕೊಡ' ಎಂದು ಬರೆದು ಸಹಿ ಹಾಕಿದ. ತಿಂಗಳ ಮೇಲೆ ಚರಂಡಿಯ ಪಕ್ಕದ ಪೈಪಿನ ಕೀಲು ಸದ್ದಿಲ್ಲದೆ ರಿಪೇರಿಯಾಯಿತು, ವರದಿ ಹಾಗೇ ಉಳಿಯಿತು. ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಆದರೆ ಅವನು ಆ ಗಲ್ಲಿಗೆ ಹೋದಾಗಲೆಲ್ಲ ಅವಳು ಓಡಿಬರುತ್ತಿದ್ದಳು, ಬೂದಿ ಹಾಕಿ ಉಜ್ಜಿ ಉಜ್ಜಿ ಬೆಳಗಿದ ಕೊಡವನ್ನು ಅವನ ಮುಂದೆ ವಾಲಿಸಿ ಹಿಡಿದು, 'ಸಾಹೇಬ್ರೇ, ಈಗ ಸರಿಯಾಗಿ ತೊಳ್ದಿದೀನಾ ನೋಡಿ' ಎನ್ನುತ್ತಿದ್ದಳು. ಅವನು ಬಗ್ಗಿ ಒಳಗೆ ನೋಡಿ, 'ಸರಿಯಿದೆಯಮ್ಮ' ಎನ್ನುತ್ತಿದ್ದ. ಹನ್ನೊಂದು ವರ್ಷ. ತನ್ನ ಮಗಳನ್ನು ತಾನೇ ಕೊಲ್ಲುವುದರಲ್ಲಿದ್ದೆ ಎಂದು ಅವಳು ನಂಬಿದ್ದಳು. ನಂಬಿ, ತನಗೆ ತಿದ್ದಿ ಹೇಳಿದ ಮನುಷ್ಯ ಎಂದು ಅವನಿಗೆ ಕೈ ಮುಗಿಯುತ್ತಿದ್ದಳು.

ಊಟದ ಹಾಲಿಗೆ 'ಅಜ್ಜಿ ಅಡುಗೆಮನೆ' ಎಂದು ಹೆಸರು, ಅಡುಗೆಯವರಲ್ಲಿ ಮೂವತ್ತು ದಾಟಿದವರು ಒಬ್ಬರೂ ಕಾಣಲಿಲ್ಲ. ಈ ಹಡಗಿನಲ್ಲಿ ಹೆಸರು ಬೇಡ, ನಂಟು ಸಾಕು ಎಂದು ಹತ್ತಿದ ದಿನವೇ ಎಲ್ಲರಿಗೂ ಕಿತ್ತಳೆ ಬಣ್ಣದ ಅಂಗಿ ಹಂಚಿದ್ದರು. ಮಗನ ಎದೆಯ ಮೇಲೆ 'ಅಪ್ಪ', ಸೊಸೆಯ ಎದೆಯ ಮೇಲೆ 'ಅಮ್ಮ', ಹೆಂಡತಿ 'ಅಜ್ಜಿ', ಪುಟ್ಟಿ 'ಮುದ್ದು'. ಅವನ ಎದೆಯ ಮೇಲಿನ 'ತಾತ' ಹೊಟ್ಟೆಯ ದೆಸೆಯಿಂದ ಕೊಂಚ ಹಿಗ್ಗಿತ್ತು. ತಟ್ಟೆ ಹಿಡಿದ ನೂರಾರು ಅಪ್ಪ ಅಮ್ಮ ಅತ್ತೆ ಮಾವಂದಿರ ನಡುವೆ ಅವರು ಮೇಜು ಹುಡುಕಿಕೊಂಡು ಹೋಗುವಾಗ ಎರಡು ಜಡೆಯ ಒಂದು 'ಮುದ್ದು' ಪುಟ್ಟಿಯನ್ನು ನೋಡಿ ಮೂಗು ಹಿಡಿದುಕೊಂಡಿತು. ಅದರ ಅಮ್ಮ ಅದರ ಕೈ ಕೆಳಗೆಳೆದಳು, ಆಮೇಲೆ ತಾನೂ ಬಾಯಿ ಮುಚ್ಚಿಕೊಂಡು ನಕ್ಕಳು. ಸೊಸೆಗೆ ಅದು ಕಂಡಿತು. ಅವಳ ಕಿವಿ ಕೆಂಪಾಯಿತು. ಪುಟ್ಟಿಯ ಮುಂದೆ ಇಟ್ಟ ಸೂಪು, ಬ್ರೆಡ್ಡು, ಕರಿದ ಆಲೂಗಡ್ಡೆ ಆರುತ್ತ ಕೂತವು.

'ತಿನ್ನು ಚಿನ್ನ.'

'ಬೇಡ. ತಿಂದ್ರೆ ಒಳಗೆ ಆಗತ್ತೆ.'

'ಏನಾಗತ್ತೆ?'

'ಅದು.'

ಸೊಸೆ ಚಮಚ ಕೆಳಗಿಟ್ಟಳು. 'ಹಂಗಲ್ಲ ಪುಟ್ಟಿ. ತಿಂದ್ರೆ ತಪ್ಪಲ್ಲ. ಬರೋ ಹಂಗಾದಾಗ ಹೇಳ್ಬೇಕು ಅಷ್ಟೇ.'

'ಬಂದಿದ್ದೇ ನಂಗೆ ಗೊತ್ತಾಗ್ಲಿಲ್ಲ.'

ಅವನ ಕೈಯಲ್ಲಿದ್ದ ಬ್ರೆಡ್ಡು ಸೂಪಿಗೆ ಬಿತ್ತು. ಬೆಳಿಗ್ಗೆ ಅವಳು 'ನಾನಲ್ಲ' ಎಂದಿದ್ದಳು. ಈಗ 'ಗೊತ್ತಾಗ್ಲಿಲ್ಲ' ಎನ್ನುತ್ತಿದ್ದಾಳೆ. ಮೂರೇ ಗಂಟೆಗಳಲ್ಲಿ ಅವಳು ಅಲ್ಲಿಂದ ಇಲ್ಲಿಗೆ ನಡೆದು ಬಂದಿದ್ದಳು, ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಎಲ್ಲರೂ ಸೇರಿ ಕ್ಷಮಿಸಿ ಕ್ಷಮಿಸಿಯೇ ಕರೆತಂದಿದ್ದರು. ಅದು ಅವನ ಮಾತು. ಡಾಕ್ಟರ ಮುಂದೆ ತಲೆ ತಗ್ಗಿಸಿ ಅವನಾಡಿದ್ದ ಮಾತು, ಅಕ್ಷರ ಬಿಡದೆ ಅವಳ ಬಾಯಲ್ಲಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ತಟ್ಟೆಯನ್ನೇ ನೋಡುತ್ತ ಆಲೂಗಡ್ಡೆಯನ್ನು ಚೂರು ಚೂರು ಮಾಡುತ್ತಿದ್ದಳು.

ಊಟವಾದ ಮೇಲೆ ಪುಟ್ಟಿ ಬಚ್ಚಲಿಗೆ ಹೋದಳು. ಬಂದಳು, ಮತ್ತೆ ಹೋದಳು. ನಾಲ್ಕನೆಯ ಸಲ ಅವನೇ ಜೊತೆಗೆ ಹೋಗಿ ಹೊರಗೆ ಕಾದು ನಿಂತ. ಓಣಿಯ ಗೋಡೆಯ ತುಂಬ ನಗುವ ಕುಟುಂಬಗಳ ಫೋಟೋಗಳು, ಎಲ್ಲರಿಗೂ ಒಂದೇ ಅಳತೆಯ ಹಲ್ಲು. ಪುಟ್ಟಿ ಹೊರಗೆ ಬಂದು ಎರಡೂ ಅಂಗೈ ಅವನ ಮೂಗಿನ ಹತ್ತಿರ ಚಾಚಿದಳು. ಸೋಪು ತಿಕ್ಕಿ ತಿಕ್ಕಿ ಬೆರಳ ತುದಿ ಸುಕ್ಕಾಗಿದ್ದವು. 'ತಾತ, ಸರಿಯಾಗಿ ತೊಳ್ಕೊಂಡಿದೀನಾ ನೋಡು.'

ಹಡಗು ಅಲುಗಿತೋ ಅವನು ಅಲುಗಿದನೋ, ಗೋಡೆಗೆ ಕೈ ಕೊಟ್ಟು ನಿಂತ. ಸರಿಯಿದೆಯಮ್ಮ ಎಂಬ ಉತ್ತರ ಹನ್ನೊಂದು ವರ್ಷದ ಅಭ್ಯಾಸದಿಂದ ನಾಲಗೆಯ ತುದಿಗೇ ಬಂದು ಕೂತಿತ್ತು. ಅದನ್ನು ನುಂಗಿದ. ಮಂಡಿ ಊರಿ ಅವಳೆದುರು ಕೂತ.

'ಪುಟ್ಟಿ, ಅದು ನೀನು ಮಾಡಿದ್ದಲ್ಲ. ನಾನು ಮಾಡಿದ್ದು.'

ಅವಳು ಅವನನ್ನು ನೋಡಿದಳು. 'ಸುಳ್ಳು.'

'ನಿಜ ಕಣೇ. ನನ್ನ ಹೊಟ್ಟೆ ಕುಯ್ದಿದ್ರಲ್ಲ, ಅವತ್ತಿಂದ ನಂಗೆ ಬಂದಿದ್ದು ಗೊತ್ತಾಗಲ್ಲ.'

'ದೊಡ್ಡೋರಿಗೆ ಹಂಗಾಗಲ್ಲ. ಅಮ್ಮನೂ ಹಿಂಗೇ ಹೇಳಿದ್ಲು, ಅವಳು ಚಿಕ್ಕೋಳಿದ್ದಾಗ ಅವಳಿಗೂ ಆಗಿತ್ತಂತೆ. ನಂಗೆ ಬೇಜಾರಾಗ್ಬಾರ್ದು ಅಂತ ಎಲ್ರೂ ಹೇಳ್ತೀರ.' ಅವಳು ತಣ್ಣನೆಯ ಒದ್ದೆ ಕೈಯಿಂದ ಅವನ ಕೆನ್ನೆ ತಟ್ಟಿದಳು. 'ಪರವಾಗಿಲ್ಲ ತಾತ.'

ಮೊಮ್ಮಗಳಿಂದ ಸಮಾಧಾನ ಮಾಡಿಸಿಕೊಂಡು ಅವನು ಎದ್ದ. ಸುಳ್ಳು ಎಷ್ಟು ಸಲೀಸಾಗಿ ಒಳಗಿಳಿದಿತ್ತು, ಒಂದು ನೋಟ ಸಾಕಾಗಿತ್ತು ಅದಕ್ಕೆ. ನಿಜಕ್ಕೆ ಮಂಡಿಯೂರಿದರೂ ಜಾಗವಿಲ್ಲ. ಅವನು ಮಗನನ್ನು ಹುಡುಕಿಕೊಂಡು ಹೊರಟ. ಮಗ ಹನ್ನೆರಡನೆಯ ಮಹಡಿಯಲ್ಲಿ ಕಂಬಿಗೆ ಒರಗಿ ನಿಂತಿದ್ದ. ಯಾವ ಕೆಲಸವನ್ನಾದರೂ ಫೋನಿನಲ್ಲೇ ಸರಿಮಾಡಿಬಿಡುವವನು, ಇಲ್ಲಿ ಫೋನಿಗೆ ಸಿಗ್ನಲ್ಲಿಲ್ಲದೆ ಕೈ ಕಟ್ಟಿಹಾಕಿದಂತಾಗಿದ್ದ. ತಾತ ಸುತ್ತುಬಳಸದೆ ಹೇಳಿದ: ಕೊಳದಲ್ಲಿ ಹಾಗೆ ಮಾಡಿದ್ದು ನಾನು, ಪುಟ್ಟಿಯಲ್ಲ. ಮಗನ ಕಣ್ಣು ತುಂಬಿಬಂತು.

'ಅಪ್ಪಾ! ನೀವು ಎಂಥೋರು ಅಪ್ಪಾ!'

'ಎಂಥೋನೂ ಅಲ್ಲ, ನಾನು ಹೇಳ್ತಿರೋದು...'

'ಗೊತ್ತು ಬಿಡಿ. ನಾನು ಚಿಕ್ಕೋನಿದ್ದಾಗ ಪಕ್ಕದ ಮನೆ ಗಾಜು ಒಡೆದಾಗಲೂ ನೀವು ನಾನೇ ಒಡೆದೆ ಅಂದಿದ್ರಿ. ಯಾರಿಗೂ ಗೊತ್ತಿಲ್ಲ ಅನ್ಕೊಂಡಿದೀರಾ?' ಮಗ ಅವನನ್ನು ತಬ್ಬಿಕೊಂಡ. ಹದಿನೈದು ವರ್ಷದಿಂದ ಅವರು ತಬ್ಬಿಕೊಂಡಿರಲಿಲ್ಲ. ದೊಡ್ಡ ಬಿಸಿ ಎದೆ, ಯಾವುದೋ ಒಳ್ಳೆಯ ಸೋಪಿನ ವಾಸನೆ. ಆಗಲೇ ಕೊಸರಿಕೊಂಡು, ದಡ್ಡ, ನಾನು ನಿಜ ಹೇಳ್ತಿದೀನಿ ಎನ್ನಬಹುದಿತ್ತು. ಅನ್ನಲಿಲ್ಲ. ಆ ತೋಳುಗಳೊಳಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನಿಂತ. ಮಾಡಿದ ತಪ್ಪಿಗೆ ಶಿಕ್ಷೆ ಕೇಳಲು ಹೋದರೆ ಬಹುಮಾನ ಕೊಡುತ್ತಿದ್ದರು, ಅವನು ತೆಗೆದುಕೊಳ್ಳುತ್ತಿದ್ದ. ಬೆಳಗಿನ ನೋಟಕ್ಕಿಂತ ಇದು ಹೊಲಸು ಎಂದು ಅವನಿಗೆ ಗೊತ್ತಿತ್ತು.

ನಾಲ್ಕಕ್ಕೆ ಕೊಳ ಮತ್ತೆ ತೆರೆಯಿತು. ಸುಮ್ಮನೆ ತೆರೆದರೆ ಅದು ಈ ಹಡಗಾಗುವುದಿಲ್ಲವಲ್ಲ. ಧ್ವನಿವರ್ಧಕ ಎಲ್ಲರನ್ನೂ ಕರೆಯಿತು, ಸಂಗೀತ ಹಾಕಿದರು, ಎಂಟು ಕೈಯ ಬಟ್ಟೆ ಗೊಂಬೆಯ ವೇಷದವನೊಬ್ಬ ಕುಣಿದ, ಮೈಕು ಹಿಡಿದ ನಗಿಸುವವನು ಬಂದು ಕೊಳದ ಅಂಚಿನ ಮೇಲೆ ಹತ್ತಿ ನಿಂತ. ಮಗ ಆ ನಗಿಸುವವನ ಕಿವಿಯಲ್ಲಿ ಏನೋ ಹೇಳಿ ಬಂದು ಅಪ್ಪನ ಭುಜ ತಟ್ಟಿ ನಕ್ಕ. ತಾನು ಎಲ್ಲವನ್ನೂ ಸರಿಮಾಡಿಬಿಟ್ಟೆನೆಂಬ ನಗು ಅದು.

'ನಮ್ಮ ಕುಟುಂಬಗಳೇ!' ನಗಿಸುವವನು ಕೂಗಿದ. 'ಬೆಳಿಗ್ಗೆ ಇಲ್ಲೊಂದು ಸಣ್ಣ ಘಟನೆ ಆಯ್ತು. ಹೋಗ್ಲಿ ಬಿಡಿ, ಚಿಕ್ಕ ಮಕ್ಕಳು! ಆದ್ರೆ ಒಬ್ಬ ತಾತ ಏನ್ಮಾಡಿದ್ರು ಗೊತ್ತಾ? ಮೊಮ್ಮಗಳ ಮೇಲೆ ಬಂದಿದ್ದನ್ನ ತನ್ನ ಮೇಲೆ ಹಾಕ್ಕೊಂಡ್ರು! ನಾನೇ ಮಾಡ್ದೆ ಅಂದ್ಬಿಟ್ರು! ಇವತ್ತಿನ ತಾತ ಪ್ರಶಸ್ತಿ ಯಾರಿಗೆ?' ಚಪ್ಪಾಳೆ ಬಿತ್ತು. ಅಮ್ಮಂದಿರು ಕಣ್ಣೊರೆಸಿಕೊಂಡರು. ರಟ್ಟಿನ ಪದಕವೊಂದು ಅವನ ಕುತ್ತಿಗೆಗೆ ಬಿತ್ತು. ಅವನು ಪುಟ್ಟಿಯನ್ನು ಹುಡುಕಿದ. ಅವಳು ಅಮ್ಮನ ಅಂಗಿಯ ಅಂಚಿನಲ್ಲಿ ಮುಖ ಹುದುಗಿಸಿಕೊಂಡಿದ್ದಳು. ಒಂದೊಂದು ಚಪ್ಪಾಳೆಗೂ ಅವಳ ಭುಜ ಒಂದಿಷ್ಟು ಕುಗ್ಗುತ್ತಿತ್ತು. ಅವನು ಎಷ್ಟು ದೊಡ್ಡವನಾಗುತ್ತಾನೋ ಅದು ಅಷ್ಟೂ ಅವಳದಾಗುತ್ತ ಹೋಗುತ್ತಿತ್ತು, ಇನ್ನು ಅವಳು ಯಾವತ್ತೂ ಅದನ್ನು ತೊಳೆದುಕೊಳ್ಳಲಾರಳು.

ಅವನು ಮೈಕಿಗೆ ಕೈ ಹಾಕಿದ. ನಗಿಸುವವನು ಕೊಡಲಿಲ್ಲ, ಅವನು ಕಿತ್ತುಕೊಂಡ.

'ನಾನು ನಗರದ ನೀರು ಪರೀಕ್ಷೆ ಮಾಡ್ತಿದ್ದೋನು' ಎಂದ. ತನ್ನ ಧ್ವನಿ ಸಮುದ್ರದ ಮೇಲೆ ಹೋಗಿ ಬಂದದ್ದು ಕೇಳಿ ಒಂದು ಕ್ಷಣ ತಡವರಿಸಿದ. 'ನೀರು ಕೆಟ್ರೆ ವರದಿ ಮಾಡ್ಬೇಕು. ಮಾಡ್ತೀನಿ. ಜಾಗ, ಇದೇ ಕೊಳ, ಈ ಮೂಲೆ, ಕೆಳಗಿನ ಮೆಟ್ಟಿಲು. ಹೊತ್ತು, ಬೆಳಿಗ್ಗೆ ಹತ್ತೂ ಇಪ್ಪತ್ತು.'

'ತಾತ ತಮಾಷೆ ಮಾಡ್ತಿದಾರೆ!' ನಗಿಸುವವನು ಕೂಗಿದ. ಜನ ನಕ್ಕರು.

'ತಮಾಷೆ ಅಲ್ಲಪ್ಪ, ಕೇಳು. ಏಳು ತಿಂಗಳ ಹಿಂದೆ ನಂಗೆ ಕರುಳಿನ ಆಪರೇಷನ್ ಆಯ್ತು. ಒಂದು ಗೇಣು ಕುಯ್ದು ತೆಗೆದ್ರು. ಅವತ್ತಿಂದ ಹಿಂದೆ ಹಿಡಿತ ಇಲ್ಲ. ವಾರಕ್ಕೆ ಎರಡು ಸಲ, ಮೂರು ಸಲ, ಗೊತ್ತಿಲ್ದೆ ಹೋಗತ್ತೆ. ಅದಕ್ಕೆ ಪ್ಯಾಡ್ ಕೊಟ್ಟಿದಾರೆ. ಇವತ್ತು ಹಾಕ್ಕೊಳ್ಲಿಲ್ಲ, ಜಂಬ. ಚಡ್ಡಿ ಸಡಿಲ ಇತ್ತು, ಬಲಗಾಲಿನ ಕಡೆಯಿಂದ ಆಚೆ ಬಂತು.' ಯಾರೋ ಒಬ್ಬಳು ತನ್ನ ಮಗುವಿನ ಕಿವಿ ಮುಚ್ಚಿದಳು. ನಗು ಒಂದೊಂದು ಬಾಯಿಂದ ಇಳಿಯುತ್ತ ಬಂತು. ಗೊಂಬೆಯ ಎಂಟು ಕೈಗಳೂ ಜೋತುಬಿದ್ದವು. 'ತೇಲಿದ್ದು ನೋಡಿದ ಕೂಡ್ಲೆ ನಂಗೆ ಗೊತ್ತಾಯ್ತು. ಗೊತ್ತಾಗಿಯೂ ಸುಮ್ನಿದ್ದೆ. ಈ ಮಗು ಪಕ್ಕದಲ್ಲಿತ್ತು, ಅದರ ಮೇಲೆ ಹೋಗ್ಲಿ ಅಂತ ಬಿಟ್ಟೆ. ಬಚ್ಚಿಟ್ಕೊಳ್ಳೋಕೆ ಏಳು ವರ್ಷದ ಮಗೂನ ಅಡ್ಡ ಹಿಡಿದೆ. ಇದಕ್ಕೇ ಏನು ಪದಕ ಕೊಟ್ಟಿದ್ದು?'

'ಅಪ್ಪಾ, ಸಾಕು' ಎಂದ ಮಗ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು, ಮೊದಲ ಸಲ ನಂಬಿಕೆ ಬರತೊಡಗಿದೆ, ಬರುತ್ತಿರುವುದು ಅವನಿಗೆ ಸ್ವಲ್ಪವೂ ಬೇಡವಾಗಿದೆ. ಅವನಿಗೆ ತ್ಯಾಗಿಯಾದ ಅಪ್ಪ ಬೇಕಿತ್ತು. ಸಿಕ್ಕಿದ್ದು ಹಿಡಿತವಿಲ್ಲದ ಅಪ್ಪ. 'ಎಲ್ರೂ ನೋಡ್ತಿದಾರೆ. ದಯವಿಟ್ಟು ಸಾಕು.' ಆಮೇಲೆ 'ಅವರಿಗೆ ಬಿಸಿಲು ತಲೆಗೇರಿದೆ ಅನ್ಸತ್ತೆ' ಎಂದು ಅವನು ಸುತ್ತಲಿನವರಿಗೆ ವಿವರಿಸತೊಡಗಿದ. ಆ ವಿವರಣೆ ಎಲ್ಲರಿಗೂ ಹಿಡಿಸಿತು. ಪಾಪ, ವಯಸ್ಸಾಗಿದೆ ಎಂಬ ಪಿಸುಮಾತು ಹಬ್ಬಿತು. ನಿಜ ಮತ್ತೊಮ್ಮೆ ಕೈ ತಪ್ಪಿ ಹೋಗುತ್ತಿತ್ತು.

'ಸಾಕು ಯಾಕೆ?'

ಹೆಂಡತಿ ಕುರ್ಚಿಯಿಂದ ಎದ್ದಿದ್ದಳು. ನಲವತ್ತೆರಡು ವರ್ಷದಲ್ಲಿ ಅವಳು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. 'ಬಿಸಿಲೂ ಇಲ್ಲ, ತಲೇನೂ ಕೆಟ್ಟಿಲ್ಲ. ಅವರು ಹೇಳಿದ್ದು ನಿಜ. ಬೆಳಿಗ್ಗೆ ಅವರ ಚಡ್ಡಿ ಒಗೆದೋಳು ನಾನು. ಇನ್ನೂ ಬಚ್ಚಲಲ್ಲಿ ಒಣಗ್ತಿದೆ. ಅನುಮಾನ ಇದ್ದೋರು ಬನ್ನಿ, ತೋರಿಸ್ತೀನಿ.' ಅವಳು ನಿಜವಾಗಿಯೂ ಕಾದಳು, ಯಾರಾದರೂ ಬರಲಿ ಎಂಬಂತೆ ಸುತ್ತ ನೋಡಿದಳು. ಎದೆಯ ಮೇಲಿನ 'ಅಜ್ಜಿ' ಏರಿ ಇಳಿಯುತ್ತಿತ್ತು. 'ಸುಮ್ನಿರಿ ಅಂತ ಹೇಳಿದ್ದೂ ನಾನೇ. ಅದನ್ನೂ ಬರ್ಕೊಳ್ಳಿ.'

ಯಾರೂ ಬರೆದುಕೊಳ್ಳಲಿಲ್ಲ. ಸಂಗೀತ ಯಾರೋ ನಿಲ್ಲಿಸಿದ್ದರು. ಹಡಗಿನ ಎಂಜಿನ್ನು ಕೆಳಗೆಲ್ಲೋ ಗುಂಯ್‌ಗುಡುತ್ತಿತ್ತು. ಕೊನೆಗೆ ಕೊಳ ಕಾಯುವವಳು ಮುಂದೆ ಬಂದಳು. 'ಪ್ಯಾಡ್ ಇಲ್ದೆ ನೀರಿಗೆ ಇಳೀಬಾರ್ದು ಸಾರ್' ಎಂದಳು, ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಬೆಳಿಗ್ಗೆಯಿಂದ ಅವನೊಡನೆ ಯಾರಾದರೂ ಆಡಿದ ಮೊದಲ ಸರಿಯಾದ ಮಾತು ಅದು. 'ಇಳಿಯಲ್ಲಮ್ಮ, ನಂದೇ ತಪ್ಪು' ಎಂದ. ಅವಳು ತಲೆಯಾಡಿಸಿ ಪುಟ್ಟಿಯ ಕಡೆ ತಿರುಗಿದಳು. 'ಮರೀ, ನಿನ್ನ ಮೇಲೆ ಸುಮ್‌ಸುಮ್ನೆ ಹಾಕ್ದೆ. ತಪ್ಪಾಯ್ತು.'

ಪುಟ್ಟಿ ಅಮ್ಮನ ಅಂಗಿಯ ಅಂಚು ಬಿಟ್ಟಳು. ಜನರ ನಡುವೆ ನಡೆದು ಅವನ ಮುಂದೆ ಬಂದು ನಿಂತಳು.

'ನಿಜವಾಗ್ಲೂ ನೀನಾ?'

'ನಾನೇ.'

'ಹಂಗಾದ್ರೆ ಆಗ ಯಾಕೆ ನನ್ನ ನೋಡ್ದೆ?'

ಸಿಕ್ಕಿಬಿದ್ದ. ಅದು ಬೇಕೆಂದೇ ನೋಡಿದ ನೋಟವೆಂದು ಇಡೀ ಹಡಗಿನಲ್ಲಿ ಯಾರಿಗೂ ಹೊಳೆದಿಲ್ಲವೆಂದು ಅವನು ನಂಬಿದ್ದ. ಮೈಕಿನಲ್ಲಿ ಅಷ್ಟೆಲ್ಲ ಹೇಳಿದಾಗಲೂ ಅದೊಂದನ್ನು ಮಾತ್ರ ಹೇಳಿರಲಿಲ್ಲ. ಅವಳು ಬೆಳಿಗ್ಗೆಯಿಂದ ಅದನ್ನು ಇಟ್ಟುಕೊಂಡೇ ಇದ್ದಳು.

'ಹೆದರಿಕೆ ಆಯ್ತು ಪುಟ್ಟಿ.'

'ದೊಡ್ಡೋರಿಗೂ ಆಗತ್ತಾ?'

'ದೊಡ್ಡೋರಿಗೇ ಜಾಸ್ತಿ.'

ಅವಳು ಯೋಚಿಸಿದಳು. ಕ್ಷಮಿಸುವ ಲಕ್ಷಣ ಮುಖದಲ್ಲಿ ಎಲ್ಲೂ ಕಾಣಲಿಲ್ಲ, ತುಟಿ ಬಿಗಿದಿತ್ತು, ಹುಬ್ಬು ಗಂಟಾಗಿತ್ತು. 'ಬಾ' ಎಂದಳು. ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ನೇರ ಎರಡು ಜಡೆಯ ಹುಡುಗಿಯ ಮುಂದೆ ನಿಲ್ಲಿಸಿದಳು. 'ಕೊಳದಲ್ಲಿ ಮಾಡಿದ್ದು ಇವರು. ನಮ್ಮ ತಾತ. ನಾನಲ್ಲ.' ಹುಡುಗಿ ಅವನ ಮುಖ ನೋಡಿದಳು. 'ಹೌದು, ನಾನೇ' ಎಂದ. ಅಲ್ಲಿಂದ ಟವೆಲು ಕೊಡುವವನ ಹತ್ತಿರ. 'ಹೌದು, ನಾನೇ.' ಲಿಫ್ಟಿನೊಳಗಿದ್ದ ಐದು ಜನರ ಹತ್ತಿರ, ಲಿಫ್ಟು ಮೂರು ಮಹಡಿ ಇಳಿಯುವಷ್ಟರಲ್ಲಿ. ಅಜ್ಜಿ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದವರ ಹತ್ತಿರ. ಮೊದಮೊದಲು ಅವನ ಕಿವಿ ಸುಡುತ್ತಿತ್ತು, ಧ್ವನಿ ಎದೆಯಿಂದಾಚೆಗೆ ಬರುತ್ತಿರಲಿಲ್ಲ, ಪುಟ್ಟಿ 'ಜೋರಾಗಿ' ಎಂದು ಗದರುತ್ತಿದ್ದಳು. ಮಾಡಿದ್ದುಣ್ಣೋ ಮಹರಾಯ. ಎಂಟನೆಯದೋ ಒಂಬತ್ತನೆಯದೋ ಸಲ ಹೇಳುವಾಗ ಅವನು ತಲೆಯೆತ್ತಿಕೊಂಡು ಹೇಳಿದ. ಜನ ಮುಖ ತಿರುಗಿಸಿದರು, ನಕ್ಕರು, ಒಬ್ಬ ಮುದುಕ ಹತ್ತಿರ ಬಂದು ಪಿಸುಗುಟ್ಟಿ, 'ನಂಗೂ ಹಂಗೇ' ಎಂದು ಸರಸರ ನಡೆದುಹೋದ. ನೋಡಲಿ, ನಗಲಿ, ಏನಾದರೂ ಮಾಡಿಕೊಳ್ಳಲಿ. ಈ ದೇಹ ಅವನದು, ಅದು ಮಾಡಿದ್ದೂ ಅವನದೇ.

ಐಸ್‌ಕ್ರೀಮಿನ ಕಿಟಕಿಯ ಮುಂದೆ ಪುಟ್ಟಿ ತಾನಾಗಿಯೇ ನಿಂತಳು. ಎರಡು ಬೇಕು ಎಂದಳು. ಎರಡನ್ನೂ ತಾನೇ ಹಿಡಿದುಕೊಂಡಳು, ಅವನಿಗೆ ಕೊಡಲಿಲ್ಲ. ಮೆಟ್ಟಿಲ ಹತ್ತಿರ ಒಂದು ಜೋಡಿ ಎದುರಾಯಿತು. ಇಡೀ ದಿನ ಮಲಗಿ ಈಗ ಎದ್ದು ಬಂದವರಂತೆ ಮುಖ ಊದಿತ್ತು, ಅವರಿಗೆ ಏನೇನೂ ಗೊತ್ತಿದ್ದಂತಿರಲಿಲ್ಲ. ಪುಟ್ಟಿಯ ಬಾಯಿ ತುಂಬಿತ್ತು. ಅವಳು ಕತ್ತೆತ್ತಿ ತಾತನನ್ನು ನೋಡಿದಳು.

'ಒಂದು ನಿಮಿಷ ನಿಂತ್ಕೊಳ್ಳಿ' ಎಂದು ಅವನು ಅವರನ್ನು ತಡೆದ. 'ಬೆಳಿಗ್ಗೆ ಮಕ್ಕಳ ಕೊಳ ಮುಚ್ಚಿದ್ರಲ್ಲ, ಅದು ನನ್ನಿಂದ.'